ತೇರು ಎಳೆಯಲು ಜೆಸಿಬಿ ತರುತ್ತಾರಂತೆ. ಜಪಾನಿನವರು ಹೀಗಾದಾಗ ಏನು ಮಾಡುತ್ತಾರೆ?

ಮಿಣಿಹಗ್ಗ, ಗದಗ:

ನಮಸ್ಕಾರ್ರೀ ಎಲ್ಲರಿಗೂ. ಪ್ರಶ್ನೆ ಉದ್ದ ಆಗಿದೆ, ಬೈಯಬೇಡಿ.

ನಮ್ಮೂರು ಗದಗಿನಿಂದ ಬಸ್ಸಿನಲ್ಲಿ ಮುಕ್ಕಾಲು ತಾಸು. ಊರು ಸಣ್ಣದು, ತೇರು ಮಾತ್ರ ದೊಡ್ಡದು. ಈ ಸಲ ಜಾತ್ರೆಯಲ್ಲಿ ತೇರು ಪಾದಗಟ್ಟೆ ಮುಟ್ಟುವ ಮೊದಲೇ ಅಗಸಿ ತಿರುವಿನಲ್ಲಿ ನಿಂತುಬಿಟ್ಟಿತು. ಒಂದೂವರೆ ತಾಸು. ಹರ ಹರ ಮಹಾದೇವ ಅಂತ ಕೂಗಿ ಕೂಗಿ ಎಲ್ಲರ ಗಂಟಲು ಬಿತ್ತು, ತೇರು ಮಿಸುಕಲಿಲ್ಲ. ಹಗ್ಗ ಹಿಡಿದವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಐವತ್ತು ದಾಟಿದವರು. ಹುಡುಗರೆಲ್ಲ ಬೆಂಗಳೂರು, ಪುಣೆ, ಗೋವಾ ಸೇರಿದ್ದಾರೆ. ಊರಿಗೆ ಬಂದಿದ್ದ ನಾಲ್ಕು ಜನ ಮೊಬೈಲ್ ಎತ್ತಿ ವಿಡಿಯೊ ಮಾಡುತ್ತ ನಿಂತಿದ್ದರು. ಆ ನಾಲ್ವರಲ್ಲಿ ನಾನೂ ಒಬ್ಬ, ಸುಳ್ಳು ಯಾಕೆ ಹೇಳಲಿ.

ಮುಂದಿನ ವಾರ ಗುಡಿಯಲ್ಲಿ ಹಿರಿಯರು ಕೂಡಿದರು. ಬರುವ ವರ್ಷ ಜೆಸಿಬಿ ಕಟ್ಟಿ ಎಳೆಸೋಣ ಅಂತ ಒಬ್ಬರು, ಟ್ರ್ಯಾಕ್ಟರ್ ಸಾಕು ಅಂತ ಇನ್ನೊಬ್ಬರು. ನಮ್ಮ ಕಾಕಾ ಒಂದು ಮಾತೂ ಆಡದೆ ಎದ್ದು, ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟರು.

ಅದೇ ರಾತ್ರಿ ಒಂದು ಹಳೇ ಸುದ್ದಿ ಓದಿದೆ. ಜಪಾನಿನ ಇವಾತೆ ಪ್ರಾಂತದಲ್ಲಿ ಕೊಕುಸೆಕಿಜಿ ಅಂತ ಒಂದು ಗುಡಿ. ಅಲ್ಲಿ ಸೊಮಿನ್‌ಸಾಯಿ ಅನ್ನೋ ಹಬ್ಬ ಸಾವಿರ ವರ್ಷಕ್ಕೂ ಮೇಲ್ಪಟ್ಟು ನಡೆದುಕೊಂಡು ಬಂದಿತ್ತು. 2024ರ ಫೆಬ್ರವರಿ 17ಕ್ಕೆ ಅದನ್ನು ಕೊನೆಯ ಸಲ ಮಾಡಿ ನಿಲ್ಲಿಸಿಬಿಟ್ಟರು. ಕಾರಣ ಇಷ್ಟೇ, ಊರಲ್ಲಿ ಮುದುಕರೇ ಉಳಿದಿದ್ದಾರೆ, ಮುಂದೆ ಮಾಡುವವರಿಲ್ಲ. ಓದಿ ಹೊಟ್ಟೆಯಲ್ಲಿ ಒಂಥರಾ ಆಯಿತು.

ಅಲ್ಲಿ ಇದ್ದು ಬಂದವರು, ಓದಿಕೊಂಡವರು ಇದ್ದರೆ ಹೇಳಿ. ಅವರ ಕಡೆ ಊರಹಬ್ಬಗಳು ಹೇಗೆ ನಡೆಯುತ್ತವೆ? ಎಳೆಯುವವರು, ಹೊರುವವರು ಎಲ್ಲಿಂದ ಬರುತ್ತಾರೆ? ಯಂತ್ರ ತಂದವರು ಇದ್ದಾರಾ?


ಒಸಾಕಾ ರಿಟರ್ನ್, ಹುಬ್ಬಳ್ಳಿ:

ನಾನು ಐದು ವರ್ಷ ಒಸಾಕಾದಲ್ಲಿ ಇದ್ದೆ, ಕಾರ್ಖಾನೆ ಕೆಲಸ. ನನಗೆ ಗೊತ್ತಿದ್ದಷ್ಟು ಹೇಳುತ್ತೇನೆ.

ಮೊದಲು ಆ ಸೊಮಿನ್‌ಸಾಯಿ. ಅದು ಮೈಮೇಲೆ ಲಂಗೋಟಿ ಬಿಟ್ಟರೆ ಏನೂ ಇಲ್ಲದೆ ಆಡುತ್ತಿದ್ದ ಹಬ್ಬ, ಅದೂ ಹಿಮ ಬೀಳುವ ತಿಂಗಳಲ್ಲಿ. ಹೊಳೆಯ ತಣ್ಣೀರಲ್ಲಿ ಮಿಂದು, "ಜಸ್ಸೊ ಜೊಯಾಸಾ" ಅಂತ ಕೂಗುತ್ತ ಗುಡಿಗೆ ಬರುತ್ತಿದ್ದರು. ಕೆಟ್ಟದ್ದು ತೊಲಗಲಿ ಅಂತ ಅರ್ಥ. ಕಡೆಗೆ ಒಂದು ಸೆಣಬಿನ ಚೀಲಕ್ಕೆ ಎಲ್ಲರೂ ಮುಗಿಬೀಳುತ್ತಿದ್ದರು, ಅದರೊಳಗೆ ಮರದ ತಾಯಿತಗಳು ಇರುತ್ತಿದ್ದವು. ಈಗ ಕೇಳಿ: ಕೊನೆಯ ವರ್ಷ ನೋಡಲು ಜನ ಕಡಿಮೆ ಇರಲಿಲ್ಲ. ಲಂಗೋಟಿ ಕಟ್ಟಿಕೊಂಡು ಇಳಿಯುವ ಗಂಡಸರೂ ನೂರಾರು ಮಂದಿ ಬಂದಿದ್ದರು. ಕಡಿಮೆ ಬಿದ್ದದ್ದು ಹಿಂದಿನ ಕೆಲಸ ಮಾಡುವ ಮನೆಗಳು. ತಾಯಿತ ಕೆತ್ತುವುದು, ಚೀಲ ಸಿದ್ಧ ಮಾಡುವುದು, ಕಟ್ಟಿಗೆ ಒಟ್ಟುವುದು, ಇದನ್ನೆಲ್ಲ ಗುಡಿಗೆ ಸೇರಿದ ಬೆರಳೆಣಿಕೆಯ ಮನೆತನಗಳೇ ಮಾಡುತ್ತಿದ್ದವು. ಅವರಿಗೆ ವಯಸ್ಸಾಯಿತು. ಹಬ್ಬ ನಿಂತದ್ದು ಅಲ್ಲಿ.

ಇನ್ನು ತೇರಿನ ವಿಷಯ. ಒಸಾಕಾದ ದಕ್ಷಿಣಕ್ಕೆ ಕಿಶಿವಾದಾ ಅಂತ ಊರು. ಅಲ್ಲಿ ಸೆಪ್ಟೆಂಬರಿನಲ್ಲಿ ದಂಜಿರಿ ಎಳೆಯುತ್ತಾರೆ. ದಂಜಿರಿ ಅಂದರೆ ಮರದ ತೇರು, ಸುಮಾರು 4 ಟನ್ ತೂಕ, ಮೈತುಂಬ ಕೆತ್ತನೆ. ನಮ್ಮ ತೇರಿನ ಹಾಗೆ ಮೆಲ್ಲಗೆ ಹೋಗುವುದಲ್ಲ. ಓಡಿಸುತ್ತಾರೆ. ಓಡುತ್ತ ಓಡುತ್ತಲೇ ತೊಂಬತ್ತು ಡಿಗ್ರಿ ತಿರುವು ತೆಗೆದುಕೊಳ್ಳುತ್ತಾರೆ. ಮೇಲೆ ಮಾಡಿನ ತುದಿಯಲ್ಲಿ ಒಬ್ಬ ಬೀಸಣಿಗೆ ಹಿಡಿದು ಕುಣಿಯುತ್ತ ದಾರಿ ತೋರಿಸುತ್ತಾನೆ. ಮೊದಲ ಸಲ ನೋಡಿದಾಗ ನಾನು ಅಂಗಡಿಯೊಂದರ ಒಳಗೆ ಓಡಿ ಹೋಗಿದ್ದೆ, ಅಂಗಡಿಯ ಅಜ್ಜಿ ನಕ್ಕು ನಕ್ಕು ಸುಸ್ತಾದಳು.

ಅಲ್ಲಿ ನನಗೆ ಹಿಡಿಸಿದ್ದು ಕೆಲಸ ಹಂಚುವ ರೀತಿ. ವಯಸ್ಸಿಗೆ ತಕ್ಕ ಕೆಲಸ. ಹಗ್ಗದ ಮುಂದಿನ ತುದಿ ಸಣ್ಣ ಮಕ್ಕಳಿಗೆ. ಅವರ ಹಿಂದೆ ಹರೆಯದವರು. ಗಾಲಿಗೆ ಮರದ ಕಟ್ಟಿಗೆ ಕೊಟ್ಟು ತಿರುಗಿಸುವುದು ಪಳಗಿದವರ ಕೆಲಸ, ಏಕೆಂದರೆ ಆ ಗಾಲಿಗಳು ತಾವಾಗಿ ದಿಕ್ಕು ಬದಲಿಸುವುದಿಲ್ಲ. ಅದಕ್ಕೂ ಮೇಲಿನವರು ಪೊಲೀಸು, ಹಣ, ಬೀದಿ ನೋಡಿಕೊಳ್ಳುತ್ತಾರೆ. ಹುಡುಗ ಹತ್ತು ವರ್ಷದವನಿದ್ದಾಗ ಹಗ್ಗ ಮುಟ್ಟಿದರೆ, ನಲವತ್ತಕ್ಕೆ ಯಾವ ಜಾಗದಲ್ಲಿ ಇರುತ್ತೇನೆ ಅಂತ ಅವನಿಗೆ ಆಗಲೇ ಗೊತ್ತಿರುತ್ತದೆ. ನನ್ನ ಜೊತೆ ಕೆಲಸ ಮಾಡುತ್ತಿದ್ದ ಕಿಶಿವಾದಾದವನೊಬ್ಬ ಹೊಸ ವರ್ಷಕ್ಕೆ ಊರಿಗೆ ಹೋಗದಿದ್ದರೂ ದಂಜಿರಿಗೆ ಮಾತ್ರ ತಪ್ಪಿಸುತ್ತಿರಲಿಲ್ಲ.

ಇನ್ನೊಂದು. ಮೊದಲು ಆ ಹಬ್ಬ ಸೆಪ್ಟೆಂಬರ್ 14, 15ಕ್ಕೇ ಅಂತ ಗೊತ್ತುಮಾಡಿತ್ತು. 2006ರಿಂದ ಶನಿವಾರ, ರವಿವಾರಕ್ಕೆ ಬದಲಾಯಿಸಿದರು. ನೌಕರಿಯವರು ಬರಲಿ ಅಂತ.


ಬ್ಯಾಡಗಿ ಖಾರ, ಹಾವೇರಿ:

ಶುರು ಆಯ್ತು ಜಪಾನ್ ಪುರಾಣ. ಸಿಟ್ಟು ಮಾಡಿಕೊಳ್ಳಬೇಡಿ, ಆದರೆ ನಮ್ಮ ತಿಥಿ, ನಕ್ಷತ್ರ ಬಿಟ್ಟು ರವಿವಾರ ನೋಡಿ ತೇರು ಎಳೆಯಲು ಆಗುತ್ತಾ? ಹುಣ್ಣಿಮೆ ಅಂದರೆ ಹುಣ್ಣಿಮೆ.

ಮತ್ತೆ ಜೆಸಿಬಿ ತಂದರೆ ಆಕಾಶ ಏನೂ ಬೀಳುವುದಿಲ್ಲ. ನಮ್ಮ ಪಕ್ಕದ ಊರಲ್ಲಿ ತೇರಿನ ಗಾಲಿಗೆ ಸಿಕ್ಕು ಒಬ್ಬನ ಕಾಲು ಹೋಯಿತು. ಇಪ್ಪತ್ತೆರಡು ವರ್ಷದ ಹುಡುಗ. ಎರಡು ದಿನ ಎಲ್ಲರೂ ಆಸ್ಪತ್ರೆಗೆ ಬಂದರು, ಆಮೇಲೆ ಅವನ ಅವ್ವ ಒಬ್ಬಳೇ. ಜೀವಕ್ಕಿಂತ ಪದ್ಧತಿ ದೊಡ್ಡದಾ?


ಒಸಾಕಾ ರಿಟರ್ನ್, ಹುಬ್ಬಳ್ಳಿ:

@ಬ್ಯಾಡಗಿ ಖಾರ, ಅಣ್ಣಾ, ಆ ಮಾತು ಖರೆ. ಅಲ್ಲಿಯೂ ಜೀವ ಹೋಗಿವೆ, ಅದನ್ನು ಮುಚ್ಚಿಟ್ಟು ಹೊಗಳುವವನಲ್ಲ ನಾನು. ನಾಗಾನೊ ಕಡೆ ಸುವಾ ಅಂತ ದೊಡ್ಡ ದೇವಸ್ಥಾನ. ಅಲ್ಲಿ ಆರು ವರ್ಷಕ್ಕೊಮ್ಮೆ ಒನ್ಬಾಶಿರಾ ಹಬ್ಬ. ಕಾಡಿನಿಂದ 16 ದೊಡ್ಡ ಮರ ಕಡಿದು, ಗುಡ್ಡದಿಂದ ಜಾರಿಸಿ, ಎಳೆದು ತಂದು ಗುಡಿಗಳ ನಾಲ್ಕು ಮೂಲೆಗೆ ಕಂಬ ನಿಲ್ಲಿಸುತ್ತಾರೆ. ದೊಡ್ಡ ಮರ 17 ಮೀಟರ್ ಉದ್ದ, 10 ಟನ್ ಮೇಲೆ. ಅದು ಗುಡ್ಡದಿಂದ ಇಳಿಯುವಾಗ ಗಂಡಸರು ಅದರ ಮೇಲೆ ಕುಳಿತಿರುತ್ತಾರೆ! ನಿಲ್ಲಿಸುವಾಗಲೂ ಮೇಲೆ ಹತ್ತಿರುತ್ತಾರೆ. 2016ರಲ್ಲಿ ಹಾಗೆ ಮೇಲಿಂದ ಬಿದ್ದು ಒಬ್ಬ ಸತ್ತ.

ಯಂತ್ರ ತಂದವರು ಇದ್ದಾರಾ ಅಂತ ಮಿಣಿಹಗ್ಗ ಕೇಳಿದ್ದಕ್ಕೂ ಉತ್ತರ ಇಲ್ಲೇ ಇದೆ. 2022ರಲ್ಲಿ ಕೊರೊನಾ ಕಾರಣಕ್ಕೆ ಗುಡ್ಡ ಇಳಿಸುವ ಭಾಗವನ್ನು ಬಿಟ್ಟು, ಮರಗಳನ್ನು ಟ್ರೇಲರ್ ಮೇಲೆ ಹೇರಿಕೊಂಡು ಬಂದರು. ಬೀದಿ ಪಕ್ಕದಲ್ಲಿ ನಿಂತು ಜನ ನೋಡಿದರು. ಹಬ್ಬ ಕೆಡಲಿಲ್ಲ. ಆದರೆ ಊರೊಳಗಿನ ದಾರಿ ಬಂದಾಗ ಮತ್ತೆ ಕೈಯಿಂದಲೇ ಎಳೆದರು. ಒಂದೇ ಸಲಕ್ಕೆ ಅಂತ ಎಲ್ಲರಿಗೂ ಗೊತ್ತಿತ್ತು. ನಿಮ್ಮೂರಲ್ಲಿ ಜೆಸಿಬಿ ಒಂದೇ ಸಲಕ್ಕೆ ಬರುತ್ತದೆ ಅಂತ ಯಾರಾದರೂ ಹೇಳಿದ್ದಾರಾ?


ನಿವೃತ್ತ ಮಾಸ್ತರ, ಧಾರವಾಡ:

ಒಳ್ಳೆಯ ಚರ್ಚೆ ನಡೆದಿದೆ. ಹೊರಟ ಬಸ್ಸಿಗೆ ಓಡಿ ಬಂದು ಹತ್ತಿದಂತೆ ಬಂದಿದ್ದೇನೆ, ನನಗೂ ಸ್ವಲ್ಪ ಜಾಗ ಕೊಡಿ.

ತಮ್ಮಾ ಮಿಣಿಹಗ್ಗ, ನೀನು ಓದಿದ ಆ ಸೊಮಿನ್‌ಸಾಯಿಯ ಹೆಸರಿನಲ್ಲಿಯೇ ಒಂದು ಕತೆ ಇದೆ. ಸೊಮಿನ್ ಶೊರಾಯಿ ಅಂತ ಒಬ್ಬ ಬಡವ. ದೇವರು ದಾರಿಹೋಕನ ವೇಷದಲ್ಲಿ ಬಂದಾಗ ಸಾಹುಕಾರ ತಮ್ಮ ಬಾಗಿಲು ಹಾಕಿಕೊಂಡ, ಬಡ ಅಣ್ಣ ಇದ್ದ ನವಣೆ ಅನ್ನ ಬಡಿಸಿ ಮಲಗಲು ಜಾಗ ಕೊಟ್ಟ. ಬೇನೆ ಬಂದಾಗ ನಿನ್ನ ಮನೆಗೆ ತಾಗುವುದಿಲ್ಲ ಅಂತ ದೇವರು ಅವನಿಗೆ ಮಾತು ಕೊಟ್ಟ. ನಮ್ಮ ಕಡೆಯ ಜಂಗಮನ ಕತೆಗಳನ್ನು ಕೇಳಿ ಬೆಳೆದವರಿಗೆ ಇದು ಹೊಸದಲ್ಲ. ಕ್ಯೋಟೊದ ದೊಡ್ಡ ಹಬ್ಬ ಗಿಯೊನ್ ಮತ್ಸುರಿಯಲ್ಲಿಯೂ ಇದೇ ಮನುಷ್ಯ ಬರುತ್ತಾನೆ. ಅಲ್ಲಿ ಮನೆ ಬಾಗಿಲಿಗೆ ಹುಲ್ಲಿನ ಕಟ್ಟೊಂದನ್ನು ತೂಗುಹಾಕುತ್ತಾರೆ. ನಾವು ಸೊಮಿನ್ ಶೊರಾಯಿಯ ವಂಶದವರು ಅಂತ ಅದರ ಮೇಲೆ ಬರೆದಿರುತ್ತದೆ. ಹಳ್ಳಿಯ ಹಬ್ಬ ನಿಂತಿದೆ. ಅದೇ ಕತೆಯ ಪೇಟೆಯ ಹಬ್ಬಕ್ಕೆ ಕಾಲಿಡಲು ಜಾಗ ಇಲ್ಲ. ಇಲ್ಲಿಯೂ ಹಾಗೆಯೇ ಅಲ್ಲವೇ? ಶಿವರಾತ್ರಿ ಮರುದಿನ ಹುಬ್ಬಳ್ಳಿಯಲ್ಲಿ ಸಿದ್ಧಾರೂಢರ ತೇರಿನ ಹಗ್ಗಕ್ಕೆ ಕೈ ಹಚ್ಚಬೇಕೆಂದರೆ ಮೂರು ಜನರ ಹೆಗಲ ಮೇಲಿಂದ ಚಾಚಬೇಕು.

ಗಿಯೊನ್ ಶುರುವಾದದ್ದು 869ರಲ್ಲಿ. ರಾಜಧಾನಿಯಲ್ಲಿ ಬೇನೆ ಹಬ್ಬಿತ್ತು. ಆಗ ದೇಶದಲ್ಲಿ 66 ಪ್ರಾಂತಗಳು, ಪ್ರಾಂತಕ್ಕೊಂದರಂತೆ 66 ಈಟಿ ನಿಲ್ಲಿಸಿ ಪೂಜೆ ಮಾಡಿದರು. ಈಗ ಅದು ಜುಲೈ ತಿಂಗಳಿಡೀ ನಡೆಯುತ್ತದೆ, 17 ಮತ್ತು 24ಕ್ಕೆ ತೇರುಗಳ ಮೆರವಣಿಗೆ, ಒಟ್ಟು 34 ತೇರು. ಹೆಸರು ಎಲ್ಲಿಯದು ಗೊತ್ತೇ? ಗಿಯೊನ್ ಅಂದರೆ ಜೇತವನ. ನಮ್ಮ ಶ್ರಾವಸ್ತಿಯ ಜೇತವನ, ಬುದ್ಧ ಇದ್ದ ಜಾಗ. ತೇರುಗಳ ಮೈಗೆ ಹಾಸಿದ ರತ್ನಗಂಬಳಿಗಳಲ್ಲಿ ಭಾರತದವೂ ಇವೆ, ಕೆಲವು ದಖ್ಖನಿನಲ್ಲಿ ನೇಯ್ದವು ಅಂತ ತಿಳಿದವರು ಗುರುತಿಸಿದ್ದಾರೆ. ನವಲಗುಂದದ ಜಮಖಾನೆ ಅಲ್ಲ, ಅಷ್ಟು ಆಸೆ ಬೇಡ.

ಆದರೆ ನಿನಗೆ ಬೇಕಾದ ಮಾತು ಬೇರೆ. ದೊಡ್ಡ ತೇರು ಒಂದೊಂದೂ ಸುಮಾರು 12 ಟನ್, ಎತ್ತರ 25 ಮೀಟರ್. ಅಷ್ಟನ್ನೂ ಮೊಳೆ ಇಲ್ಲದೆ, ಬರೀ ಹಗ್ಗ ಸುತ್ತಿ ಕಟ್ಟುತ್ತಾರೆ. ಹಬ್ಬ ಮುಗಿದ ಮೇಲೆ ಬಿಚ್ಚಿ ಇಡುತ್ತಾರೆ. ಪ್ರತಿ ವರ್ಷ ಕಟ್ಟಬೇಕು, ಪ್ರತಿ ವರ್ಷ ಬಿಚ್ಚಬೇಕು, ಹಾಗಾಗಿ ಕಟ್ಟುವ ಕೈ ಮರೆಯುವುದಿಲ್ಲ. ತಿರುವಿನಲ್ಲಿ ಏನು ಮಾಡುತ್ತಾರೆ ಕೇಳು. ಸೀಳಿದ ಬಿದಿರನ್ನು ಮುಂದಿನ ಗಾಲಿಗಳ ಕೆಳಗೆ ಹಾಸಿ, ನೀರು ಹೊಯ್ದು, ಹಗ್ಗವನ್ನು ಬದಿಗೆ ಹಾಕಿ ಎಳೆಯುತ್ತಾರೆ. ಗಾಲಿ ಉರುಳುವುದಿಲ್ಲ, ಅಡ್ಡಕ್ಕೆ ಜಾರುತ್ತದೆ. ಎರಡು ಮೂರು ಎಳೆತಕ್ಕೆ ಹನ್ನೆರಡು ಟನ್ನಿನ ತೇರು ಮುಖ ತಿರುಗಿಸುತ್ತದೆ. ನಿಮ್ಮ ಅಗಸಿ ತಿರುವು ನೆನಪಾಯಿತು, ಅದಕ್ಕೇ ಬರೆದೆ.

ನಿಂತುಹೋದರೆ ಮುಗಿಯಿತು ಅಂತ ಹೆದರಬೇಡ. ಅದೇ ಗಿಯೊನ್ ಹಬ್ಬದ ತಾಕಾಯಾಮಾ ಅಂತ ಒಂದು ತೇರು 1826ರಲ್ಲಿ ದೊಡ್ಡ ಮಳೆಗೆ ಹಾಳಾಗಿ ಮೆರವಣಿಗೆ ಬಿಟ್ಟಿತು. ಮತ್ತೆ ಹೊರಟದ್ದು 2022ರಲ್ಲಿ. 196 ವರ್ಷ!


ಧಾರವಾಡದ ಸೊಸಿ:

ಎಲ್ಲ ಓದಿದೆ. ಹುಡುಗರಿಲ್ಲ, ಹುಡುಗರಿಲ್ಲ ಅಂತ ಐದು ಸಲ ಬಂತು. ಊರಲ್ಲಿ ಹೆಣ್ಣುಮಕ್ಕಳೂ ಇಲ್ವಾ?

ನನ್ನ ತವರು ಹಾವೇರಿ ಕಡೆ. ಜಾತ್ರೆ ಅಂದರೆ ನಮಗೆ ಮೂರು ದಿನ ಮೊದಲೇ ಹಿಟ್ಟು, ಹೂರಣ, ರೊಟ್ಟಿ ಬಡಿಯೋದು. ತೇರು ಹೊರಡುವಾಗ ಮಾಳಿಗೆ ಮೇಲೆ ನಿಂತು ಉತ್ತತ್ತಿ, ಬಾಳೆಹಣ್ಣು ಒಗೆಯೋದು. ಅಷ್ಟೇ ನಮ್ಮ ಪಾಲು. ನಮ್ಮ ಭಾಗದಲ್ಲೇ ಹೆಣ್ಣುಮಕ್ಕಳು ತೇರು ಎಳೆಯುವ ಊರುಗಳಿವೆ, ಅಲ್ಲಿ ಯಾವ ದೇವರೂ ಮುನಿಸಿಕೊಂಡ ಸುದ್ದಿ ಇಲ್ಲ.

ಜಪಾನಿನವರು ಈ ವಿಷಯದಲ್ಲಿ ನಮಗಿಂತ ಮುಂದೇನಲ್ಲ ಅನ್ನೋದನ್ನೂ ಹೇಳಿಬಿಡುತ್ತೇನೆ. ಮಾಸ್ತರರು ಹೇಳಿದ ಗಿಯೊನ್ ಮೆರವಣಿಗೆಯಲ್ಲಿ ಎಲ್ಲಕ್ಕಿಂತ ಮುಂದೆ ಹೋಗುವ ತೇರು ನಗಿನಾತಾ. ಅದರ ಮೇಲೆ ಹೆಂಗಸರನ್ನು ಇನ್ನೂ ಹತ್ತಿಸುವುದಿಲ್ಲ. ಆದರೆ ಐಚಿ ಪ್ರಾಂತದ ಕೊನೊಮಿಯಾ ಗುಡಿಯ ಹಬ್ಬ, ಅದೂ ಗಂಡಸರು ಲಂಗೋಟಿಯಲ್ಲಿ ನುಗ್ಗಾಡುವ ಹಬ್ಬವೇ, 1,200 ವರ್ಷ ದಾಟಿದ್ದು. ಅಲ್ಲಿ 2024ರ ಫೆಬ್ರವರಿಯಲ್ಲಿ ಮೊದಲ ಸಲ ಹೆಣ್ಣುಮಕ್ಕಳ ಗುಂಪು ಬಟ್ಟೆ ಸುತ್ತಿದ ಬಿದಿರನ್ನು ಹೊತ್ತು ಗುಡಿಗೆ ತಂದು ಒಪ್ಪಿಸಿತು. ಮೇಲಂಗಿ ಹಾಕಿಕೊಂಡು, ಲಂಗೋಟಿ ಅಲ್ಲ, ಗಾಬರಿ ಬೇಡ. ಒಂದೇ ತಿಂಗಳು ನೋಡಿ. ಇವಾತೆಯಲ್ಲಿ ಒಂದು ಹಬ್ಬದ ಬಾಗಿಲು ಮುಚ್ಚಿತು, ಐಚಿಯಲ್ಲಿ ಇನ್ನೊಂದು ಬಾಗಿಲು ತೆರೆಯಿತು.

ಮಿಣಿಹಗ್ಗ ಅವರೇ, ಆ ದಿನ ಗುಡಿಯಲ್ಲಿ ಕೂಡಿದ ಹಿರಿಯರಲ್ಲಿ ಹೆಂಗಸರು ಎಷ್ಟು ಜನ ಇದ್ದರು?


ಮಿಣಿಹಗ್ಗ, ಗದಗ:

ಸೊನ್ನೆ, ಅಕ್ಕಾರೆ. ಚಹಾ ತಂದುಕೊಟ್ಟವಳು ನಮ್ಮ ತಂಗಿ, ಅವಳನ್ನು ಲೆಕ್ಕಕ್ಕೆ ಹಿಡಿದರೆ ಒಂದು.

ಹೊರಗಿನವರನ್ನು ಕರೆಸಿದರೆ ಹೇಗೆ ಅಂತ ಒಂದು ಯೋಚನೆ. ಗದಗಿನ ಕಾಲೇಜು ಹುಡುಗರಿಗೆ ಊಟ, ಬಸ್ ಚಾರ್ಜ್ ಕೊಟ್ಟರೆ ನೂರು ಜನ ಬರುತ್ತಾರೆ.


ಒಸಾಕಾ ರಿಟರ್ನ್, ಹುಬ್ಬಳ್ಳಿ:

ಅದೂ ಅಲ್ಲಿ ನಡೆಯುತ್ತದೆ. ಕ್ಯೋಟೊದ ತೇರುಗಳನ್ನು ಎಳೆಯಲು ಕಾಲೇಜು ಹುಡುಗರು ಬರುತ್ತಾರೆ, ಪರದೇಶದವರೂ ಸೇರುತ್ತಾರೆ. ಎಲ್ಲರಿಗೂ ಒಂದೇ ಬಟ್ಟೆ, ಹುಲ್ಲಿನ ಚಪ್ಪಲಿ. ಆದರೆ ಅವರ ಕೈಗೆ ಹಗ್ಗ ಮಾತ್ರ. ಬಿದಿರು ಹಾಸುವುದು, ಗಾಲಿ ಕಾಯುವುದು ಗೊತ್ತಿದ್ದವರದೇ.

ಟೋಕಿಯೊ ಕಡೆ ಇನ್ನೊಂದು ನಮೂನೆ. ಅಲ್ಲಿ ತೇರಿಗಿಂತ ಪಲ್ಲಕ್ಕಿ ಜಾಸ್ತಿ, ಮಿಕೊಶಿ ಅನ್ನುತ್ತಾರೆ. ಹೊತ್ತುಕೊಂಡು ಕುಲುಕುತ್ತ ಹೋಗುತ್ತಾರೆ, ಕುಲುಕಿದಷ್ಟೂ ದೇವರಿಗೆ ಹುರುಪು ಅಂತ ನಂಬಿಕೆ. ಊರೂರು ತಿರುಗಿ ಮಿಕೊಶಿ ಹೊರುವುದನ್ನೇ ಹವ್ಯಾಸ ಮಾಡಿಕೊಂಡ ಗುಂಪುಗಳಿವೆ. ಜನ ಸಾಲದ ಬೀದಿಯವರು ಅವರನ್ನು ಕರೆಯುತ್ತಾರೆ. ಕಿರಿಕಿರಿಯೂ ಅಲ್ಲೇ ಹುಟ್ಟುತ್ತದೆ. ಅಸಾಕುಸಾದ ಸಂಜಾ ಮತ್ಸುರಿಯಲ್ಲಿ ಕೆಲವರು ಪಲ್ಲಕ್ಕಿಯ ಮೇಲೇ ಹತ್ತಿ ನಿಂತು ಮೆರೆಯತೊಡಗಿದ್ದರು. ಎಷ್ಟು ಹೇಳಿದರೂ ಕೇಳಲಿಲ್ಲ. 2008ರಲ್ಲಿ ಗುಡಿಯವರು ದೊಡ್ಡ ಮೂರು ಪಲ್ಲಕ್ಕಿಗಳನ್ನು ಹೊರಗೇ ತೆಗೆಯಲಿಲ್ಲ. ಬರುವವರನ್ನು ಕರೆಯಿರಿ, ಆದರೆ ಹಿಂದಿನ ದಿನವೇ ಕರೆದು ಕೂರಿಸಿ ಹೇಳಿ. ಕುಡಿದು ಬಂದವನಿಗೆ ಹಗ್ಗ ಇಲ್ಲ ಅನ್ನೋದನ್ನು ಮೊದಲೇ ಹೇಳಿ.


ನಿವೃತ್ತ ಮಾಸ್ತರ, ಧಾರವಾಡ:

ಇದಕ್ಕೆ ಜಪಾನಿನಲ್ಲೇ ಇಸೆ ಅನ್ನುವ ಊರಿನವರದು ಚಂದದ ಉಪಾಯ. ಇಸೆಯ ದೇವಸ್ಥಾನವನ್ನು 20 ವರ್ಷಕ್ಕೊಮ್ಮೆ ಪಕ್ಕದ ಖಾಲಿ ಜಾಗದಲ್ಲಿ ಹೊಸದಾಗಿ ಕಟ್ಟಿ ದೇವರನ್ನು ಒಳಗೆ ಕರೆಯುತ್ತಾರೆ. 690ರಲ್ಲಿ ಶುರು, ಹೋದ ಸಲ 2013, ಮುಂದಿನದು 2033. ನಮ್ಮಲ್ಲಿ ದ್ಯಾಮವ್ವನನ್ನು ಬಣ್ಣಕ್ಕೆ ಕಳಿಸಿ, ತಿರುಗಿ ಬಂದಾಗ ಊರೇ ಎದುರು ಹೋಗುತ್ತದಲ್ಲ, ಅದರ ದೊಡ್ಡ ರೂಪ ಅಂದುಕೊಳ್ಳಿ. ಕಟ್ಟುವ ಮರವನ್ನು ಎಳೆದು ತರುವುದು ಆ ಊರಿನವರ ಹಕ್ಕು. ಹೊರಗಿನವರಿಗೂ ಆಸೆ ಇರುತ್ತದಲ್ಲ? 2006, 2007ರಲ್ಲಿ ಮರ ಎಳೆದಾಗ ದೇಶದ ಬೇರೆ ಕಡೆಯಿಂದ ಬಂದವರನ್ನು "ಒಂದು ದಿನದ ಮಟ್ಟಿಗೆ ದೇವರೂರಿನವರು" ಅಂತ ಸೇರಿಸಿಕೊಂಡರು. ಕೂಲಿಯವರಲ್ಲ, ನೋಡಲು ಬಂದವರಲ್ಲ, ಆ ದಿನಕ್ಕೆ ಊರಿನವರೇ.


ಮಿಣಿಹಗ್ಗ, ಗದಗ:

ಹತ್ತು ದಿನ ಆದ ಮೇಲೆ ಬರೆಯುತ್ತಿದ್ದೇನೆ, ತಡ ಆಯಿತು.

ಮಾಸ್ತರರ ಬಿದಿರಿನ ಮಾತು ತಲೆಯಲ್ಲಿ ಕೂತಿತ್ತು. ರವಿವಾರ ಊರಿಗೆ ಹೋದವನು ಸುಮ್ನೆ ಅಗಸಿ ತಿರುವಿಗೆ ಹೋಗಿ ನಿಂತೆ. ಅಲ್ಲಿಯೇ ಕಟ್ಟೆ ಮೇಲೆ ನಮ್ಮೂರ ಬಡಿಗೇರ ಅಜ್ಜ ಕುಳಿತಿದ್ದರು. ಮೂವತ್ತು ವರ್ಷ ತೇರಿನ ಗಾಲಿಗೆ ಮರದ ದಿಮ್ಮಿ ಕೊಟ್ಟವರು ಅವರೇ. ಎರಡು ವರ್ಷದಿಂದ ಮೊಣಕಾಲು ನೋವು, ಈ ಸಲ ತೇರಿನ ಹತ್ತಿರ ಬರಲೇ ಇಲ್ಲ. ಯಾಕೆ ನಿಂತಿತು ಅಜ್ಜಾ ಅಂತ ಕೇಳಿದೆ. ಬೈಯಲು ಶುರು ಮಾಡಿದರು ನೋಡಿ.

"ಮಂದಿ ಸಾಲದs ನಿಂತಿಲ್ಲೋ ಅದು. ಬಲಗಾಲಿಗೆ ದಿಮ್ಮಿ ಕೊಟ್ಟು ಎಡಕ್ಕ ಎಳೀಬೇಕಾಗಿತ್ತು. ಆ ಹುಡುಗ ಎರಡೂ ಗಾಲಿಗೆ ಕೊಟ್ಟ. ಎರಡೂ ಕಡೆ ಕಟ್ಟಿಹಾಕಿ ನಡೀ ಅಂದ್ರ ಎತ್ತಾದ್ರೂ ನಡೀತಾವೇನು?"

ಆಮೇಲೆ ತೋರಿಸಿದರು. ಹೋದ ವರ್ಷ ಗಟಾರದ ಮೇಲೆ ಹೊಸ ಸಿಮೆಂಟ್ ಹಾಸು ಹಾಕಿದ್ದಾರೆ, ರಸ್ತೆಗಿಂತ ನಾಲ್ಕು ಬೆರಳು ಎತ್ತರ. ಗಾಲಿ ಅದಕ್ಕೆ ತಾಕಿ ನಿಂತಿದೆ. ಜೆಸಿಬಿ ಕಟ್ಟಿದ್ದರೆ ತೇರು ಹತ್ತುತ್ತಿತ್ತೋ, ಅಚ್ಚು ಮುರಿಯುತ್ತಿತ್ತೋ. ಅಜ್ಜ ಅಂದರು, ಅಚ್ಚು ಮುರಿಯುತ್ತಿತ್ತು.

ಹೊಸ ಹುಡುಗನಿಗೆ ಯಾಕೆ ಹೇಳಿಕೊಡಲಿಲ್ಲ ಅಂದೆ. "ಯಾರ್ ಬಂದು ಕೇಳ್ಯಾರ?" ಅಂದರು. ಒಸಾಕಾ ಅಣ್ಣ ಹೇಳಿದ ತಾಯಿತ ಕೆತ್ತುವ ಮನೆಗಳು ನೆನಪಾದವು.

ಸದ್ಯಕ್ಕೆ ಇಷ್ಟು ಆಗಿದೆ. ದಸರಾ ರಜೆಯಲ್ಲಿ ಆರು ಹುಡುಗರು, ಇಬ್ಬರು ಹುಡುಗಿಯರು ಅಜ್ಜನ ಹತ್ತಿರ ಕೂರುತ್ತಾರೆ, ಅದರಲ್ಲಿ ಚಹಾ ತಂದ ನಮ್ಮ ತಂಗಿಯೂ ಇದ್ದಾಳೆ. ಖಾಲಿ ತೇರನ್ನು ಅರ್ಧ ದಾರಿ ಎಳೆದು ನೋಡಲು ಹಿರಿಯರು ಒಪ್ಪಿದ್ದಾರೆ. ಮೈಲಿಗೆ ಅಂತ ಒಬ್ಬರು ತಕರಾರು ತೆಗೆದರು, ಕಳಸ ಏರಿಸದೆ ಎಳೆದರೆ ಅದು ಬರೀ ಕಟ್ಟಿಗೆ ಅಂತ ಕಾಕಾ ಬಾಯಿ ಮುಚ್ಚಿಸಿದರು. ಜೆಸಿಬಿ ಮಾತು ಇನ್ನೂ ಪೂರ್ತಿ ಸತ್ತಿಲ್ಲ. ಸಿಮೆಂಟ್ ಹಾಸು ಕೆತ್ತಲು ಮಾತ್ರ ತರೋಣ ಅಂತ ನಾನೇ ಹೇಳಿದ್ದೇನೆ.

ಒಂದು ಸಹಾಯ ಬೇಕು. ಹಳೇ ಮಿಣಿ ಎರಡು ಕಡೆ ಎಳೆ ಬಿಟ್ಟಿದೆ. ಗದಗಿನ ಪೇಟೆಯಲ್ಲಿ ಎಲ್ಲರೂ ನೈಲಾನ್ ಹಗ್ಗ ತೋರಿಸುತ್ತಾರೆ. ಅದು ಕೈ ಕೊಯ್ಯುತ್ತದೆ. ನಾರಿನ ದಪ್ಪ ಮಿಣಿ ಹೊಸೆಯುವವರು ಯಾರಾದರೂ ಗೊತ್ತಾ?


ಬ್ಯಾಡಗಿ ಖಾರ, ಹಾವೇರಿ:

ನಮ್ಮೂರ ಹತ್ತಿರ ಒಂದು ಮನೆ ಇದೆ, ಈಗಲೂ ಕೈಯಿಂದ ಹೊಸೆಯುತ್ತಾರೆ. ಅಳತೆ ಕಳಿಸಿ, ಕೇಳಿ ಹೇಳುತ್ತೇನೆ. ಜಾತ್ರೆ ಯಾವ ವಾರ ಬಂದಿದೆ? ಶನಿವಾರ, ರವಿವಾರ ಆದರೆ ಮಿಣಿ ಜೊತೆ ನಾನೂ ಬರುತ್ತೇನೆ.


ಮಿಣಿಹಗ್ಗ, ಗದಗ:

ಹುಣ್ಣಿಮೆ ಅಂದರೆ ಹುಣ್ಣಿಮೆ ಅಂದವರು ನೀವೇ ಅಲ್ವಾ ಅಣ್ಣಾ? ಮಂಗಳವಾರ ಬಂದಿದೆ.


ಬ್ಯಾಡಗಿ ಖಾರ, ಹಾವೇರಿ:

ರಜೆ ಕೇಳುತ್ತೇನೆ ಬಿಡಿ. ಮಿಣಿ ಎಷ್ಟು ಮಾರು ಬೇಕು, ಮೊದಲು ಅದನ್ನು ಹೇಳಿ.